ಬಾಡಿಗೆ ಮನೆ ಭಾಷೇಲಿ ಸ್ವೀಡನ್ನಿನ ಹಾಡು: ಪಿಯಾನೋ ಮೇಷ್ಟ್ರ ಜೊತೆ ನಾಲ್ಕು ವರ್ಷ

ಮೊದಲೇ ಹೇಳಿಬಿಡ್ತೀನಿ, ನಾನು ಜಾಝ್ ಕಲಿತೋಳಲ್ಲ. ಸಾಗರದಲ್ಲಿ ಹುಟ್ಟಿ ಬೆಳೆದು, ಕರ್ನಾಟಕ ಸಂಗೀತದಲ್ಲಿ ಸೀನಿಯರ್ ಪಾಸ್ ಮಾಡಿ, ವಿದ್ವತ್‌ಗೆ ಕಟ್ಟೋಣ ಅನ್ನೋಷ್ಟರಲ್ಲಿ ಇಂಜಿನಿಯರಿಂಗ್ ಸೀಟು ಸಿಕ್ಕಿ ಸಂಗೀತ ಅಲ್ಲಿಗೇ ನಿಂತು, ಆಮೇಲೆ ಮದುವೆ, ಕೆಲಸ, ಮಗು ಅಂತೆಲ್ಲ ಆಗಿ ಕೊನೆಗೆ ಸ್ವೀಡನ್ನಿನ ಗೋಥೆನ್‌ಬರ್ಗಿಗೆ ಬಂದು ಬಿದ್ದೋಳು. ಈಗ ನಾಲ್ಕು ವರ್ಷದಿಂದ ನಾನು ಮತ್ತೆ ಇಲ್ಲಿಯೋರೇ ಒಬ್ಬರು ಪಿಯಾನೋ ನುಡಿಸೋರು ಸೇರ್ಕೊಂಡು ಸ್ವೀಡನ್, ನಾರ್ವೆ, ಡೆನ್ಮಾರ್ಕ್ ಕಡೆಯ ಹಳೇ ಹಾಡುಗಳನ್ನ ಇಂಗ್ಲಿಷಿಗೆ ತಂದು ಜಾಝ್ ಥರ ಹಾಡ್ತೀವಿ. ಇರೋದು ಎರಡೇ ಜನ, ಬೇಸ್ ಇಲ್ಲ, ಡ್ರಮ್ಸ್ ಇಲ್ಲ. ಊರಿಗೆ ಹೋದಾಗೆಲ್ಲ ನಮ್ಮ ಚಿಕ್ಕಮ್ಮ "ಅದೇನೇ ಅದು, ಅವರ ಹಾಡು, ಇಂಗ್ಲಿಷ್ ಮಾತು, ಹಾಡೋಳು ನೀನು, ಯಾರಿಗೋಸ್ಕರ?" ಅಂತ ಕೇಳ್ತಾರೆ. ಪ್ರಶ್ನೆ ಸರಿಯಾಗೇ ಇದೆ, ನಂಗೂ ಸರಿಯಾಗಿ ಉತ್ತರ ಹೇಳೋಕೆ ಎರಡು ವರ್ಷ ಬೇಕಾಯ್ತು.

ಪಿಯಾನೋ ನುಡಿಸೋರು ರಿಟೈರ್ ಆದ ಶಾಲೆ ಮ್ಯೂಸಿಕ್ ಟೀಚರ್, ನನಗಿಂತ ಇಪ್ಪತ್ತೆಂಟು ವರ್ಷ ದೊಡ್ಡೋರು. ಇಲ್ಲಿ ಎಲ್ಲರನ್ನೂ ಹೆಸರು ಹಿಡಿದೇ ಕರೆಯೋದು, ಸ್ವೀಡಿಷಲ್ಲಿ 1960ರ ದಶಕದ ಕೊನೇಲಿ 'ನೀವು' ಅನ್ನೋದನ್ನೇ ಹೆಚ್ಚುಕಮ್ಮಿ ಕೈಬಿಟ್ಟು ಪ್ರೊಫೆಸರಿಗೂ ಪಕ್ಕದ ಮನೆಯೋರಿಗೂ ಒಂದೇ 'ದು' ಅಂತ ಶುರು ಮಾಡಿದ್ರು. ಬಾಯಲ್ಲಿ ನಾನೂ 'ದು' ಅಂತೀನಿ, ಆದ್ರೆ ತಲೆ ಒಳಗೆ ಅದು ಯಾವತ್ತೂ 'ನೀವು' ಅಂತಾನೇ ಕೇಳ್ಸೋದು. ಮನೇಲಿ ಅವರ ಬಗ್ಗೆ ಮಾತಾಡುವಾಗ ಮೇಷ್ಟ್ರು ಅಂತೀವಿ. ಒಂದಿನ ನನ್ನ ಮಗಳು ಅವರ ಎದುರಿಗೇ ಮೇಷ್ಟ್ರು ಅಂದುಬಿಟ್ಲು, ಅರ್ಥ ಕೇಳಿ ತಿಳ್ಕೊಂಡು, ಅವತ್ತಿಂದ ನಂಗೆ ಮೆಸೇಜ್ ಕಳಿಸಿದ್ರೆ ಕೆಳಗೆ ಅದೇ ಸಹಿ.

ನಾವು ಸಿಕ್ಕಿದ್ದು ಒಂದು ಕಾಯರಲ್ಲಿ, ಅಂದ್ರೆ ತುಂಬಾ ಜನ ಸೇರಿ ಹಾಡೋ ತಂಡದಲ್ಲಿ. ಇಲ್ಲಿ ಸ್ಟೂಡಿಯೆಫರ್ಬುಂಡ್ ಅಂತ ಸಂಸ್ಥೆಗಳಿವೆ, ದೊಡ್ಡೋರು ಕೆಲಸ ಮುಗಿಸ್ಕೊಂಡು ಬಂದು ಏನಾದ್ರೂ ಗುಂಪಲ್ಲಿ ಕಲಿಯೋಕೆ ಜಾಗ ಕೊಡ್ತಾರೆ, ಅವಕ್ಕೆ ಸರ್ಕಾರದ ದುಡ್ಡೂ ಬರತ್ತೆ, ನೂರು ವರ್ಷಕ್ಕಿಂತ ಹಳೇ ಪದ್ಧತಿ. ಕಾಯರ್ ಮುಗಿದ ಮೇಲೆ ಎಲ್ಲ ಕಾಫಿಗೆ ಹೋದ್ರು, ನಾನು ಜಾಕೆಟ್ ಹುಡುಕ್ತಾ ಅಲ್ಲೇ ಉಳಿದೆ, ಅವರು ಪಿಯಾನೋ ಮುಂದೆ ಕೂತು ಏನೋ ಮೈನರ್ ಸ್ಕೇಲಲ್ಲಿ ಬಾರಿಸ್ತಿದ್ರು, ನಾನು ಸುಮ್ನೆ ಮೇಲೆ ಒಂದೆಳೆ ಆಲಾಪ ಸೇರಿಸಿದೆ. ಅವರು ನಿಲ್ಲಿಸಿ "ನಿನ್ನ ಕೀ ಯಾವ್ದು?" ಅಂದ್ರು. ನಾನು "ಐದು" ಅಂದೆ. "ಐದು ಏನು?" ಅಂದ್ರು. ಐದು ಅಂದ್ರೆ ಐದು, ಶ್ರುತಿ! ಆಮೇಲೆ ಅವರೇ ಒಂದೊಂದು ಕೀ ಒತ್ತಿ ನೋಡಿ ಅದು ಜಿ ಅಂತ ಪತ್ತೆ ಮಾಡಿದ್ರು. ಹೀಗೆ ಶುರು ನಮ್ಮ ಡ್ಯುಯೊ.

ಮೊದಲು ಸ್ವೀಡಿಷಲ್ಲೇ ಹಾಡ್ತಿದ್ದೆ, ಅದು ಬೇಡ ಅನ್ಸೋಕೆ ಕಾರಣ ಇದೆ. ಸ್ವೀಡಿಷಲ್ಲಿ ಪದಕ್ಕೇ ಒಂದು ಇಳಿತ ಏರಿಕೆ ಇದೆ, 'ಆಂಡೆನ್' ಅನ್ನೋದನ್ನ ಒಂದು ಥರ ಎಳೆದ್ರೆ ಬಾತುಕೋಳಿ, ಇನ್ನೊಂದು ಥರ ಎಳೆದ್ರೆ ಆತ್ಮ. ನಾನು ಹಾಡಿ ಮುಗಿಸಿದ್ರೆ ಜನ ಬಂದು ಕೈ ಹಿಡ್ಕೊಂಡು "ಎಷ್ಟು ಚೆನ್ನಾಗಿ ಸ್ವೀಡಿಷ್ ಹೇಳ್ತೀಯ! ಎಷ್ಟು ವರ್ಷ ಆಯ್ತು ಬಂದು?" ಅನ್ನೋರು. ಪ್ರೀತಿಯಿಂದಾನೇ ಅನ್ನೋರು, ತಪ್ಪೇನಿಲ್ಲ. ಆದ್ರೆ ಯೋಚ್ನೆ ಮಾಡಿ, ನೀವು ಎದೆ ಬಗೆದು ಒಂದು ವಿರಹದ ಹಾಡು ಹಾಡಿದೀರ, ಎದುರಿಗೆ ಕೂತೋರು ಇಷ್ಟು ಹೊತ್ತೂ ಕೇಳಿದ್ದು ನಿಮ್ಮ ಉಚ್ಚಾರಣೆ. ಪರೀಕ್ಷೆ ಬರೆದ ಹಾಗಾಗೋದು. ಮೇಷ್ಟ್ರಿಗೆ ಇದನ್ನ ಹೇಳಿದೆ. ಅವರು ಸ್ವಲ್ಪ ಹೊತ್ತು ಬಿಟ್ಟು "ನಂಗೂ ಕಷ್ಟಾನೇ, ಆ ಪದಗಳು ಕೇಳಿದ ತಕ್ಷಣ ಮೂರನೇ ಕ್ಲಾಸಿನ ಮಕ್ಕಳು ಕಿರುಚೋದು ಕಿವೀಲಿ ಬರತ್ತೆ, ಹೊಸದಾಗಿ ಕೈ ಓಡಲ್ಲ" ಅಂದ್ರು. ಮೂವತ್ತು ಚಿಲ್ಲರೆ ವರ್ಷ ಅದೇ ಹಾಡು ಕಲಿಸಿದೋರು ಪಾಪ. ಆಗ ಇಂಗ್ಲಿಷ್ ನೋಡೋಣ ಅಂತಾಯ್ತು. ಇಂಗ್ಲಿಷ್ ನಮ್ಮಿಬ್ರಿಗೂ ಬಾಡಿಗೆ ಮನೆ ಇದ್ದ ಹಾಗೆ, ಇಬ್ರದ್ದೂ ಸ್ವಂತದ್ದಲ್ಲ, ಗೋಡೆಗೆ ಮೊಳೆ ಹೊಡೆಯುವಾಗ ಇಬ್ರೂ ಒಂದೇ ಥರ ಹೆದರ್ತೀವಿ. ಕೇಳೋರಿಗೂ ಅಷ್ಟೇ. ಚಿಕ್ಕಮ್ಮನಿಗೆ ಈಗ ಇದನ್ನೇ ಹೇಳ್ತೀನಿ, ಅವರಿಗೆ ಸಮಾಧಾನ ಇಲ್ಲ, ಅದು ಬೇರೆ ವಿಷ್ಯ.

ಇದೇನು ನಾವು ಕಂಡುಹಿಡಿದಿದ್ದಲ್ಲ. 'ಆಕ್ ವ್ಯಾರ್ಮೆಲಾಂಡ್' ಅನ್ನೋ ಹಾಡಿದೆ, ವ್ಯಾರ್ಮ್‌ಲಾಂಡ್ ಅನ್ನೋ ಸೀಮೆಯ ಚಂದ ಹೊಗಳೋದು, ಅದಕ್ಕೆ 1822ರಲ್ಲಿ ಆಂಡೆರ್ಸ್ ಫ್ರಿಕ್ಸೆಲ್ ಮಾತು ಬರೆದ್ರು. 1951ರಲ್ಲಿ ಅಮೆರಿಕದ ಸ್ಯಾಕ್ಸಫೋನ್ ವಾದಕ ಸ್ಟಾನ್ ಗೆಟ್ಸ್ ಸ್ಟಾಕ್‌ಹೋಮಿಗೆ ಬಂದಾಗ ಇಲ್ಲಿಯ ಬೆಂಗ್ಟ್ ಹಾಲ್‌ಬೆರ್ಗ್ ಪಿಯಾನೋ ಜೊತೆ ಅದನ್ನ ರೆಕಾರ್ಡ್ ಮಾಡಿದ್ರು, ಮುಂದೆ ಅದು 'ಡಿಯರ್ ಓಲ್ಡ್ ಸ್ಟಾಕ್‌ಹೋಮ್' ಆಗಿ ಟ್ರಂಪೆಟ್ ವಾದಕ ಮೈಲ್ಸ್ ಡೇವಿಸ್ 1952ರಲ್ಲೂ 1956ರಲ್ಲೂ ನುಡಿಸಿ ಪ್ರಪಂಚದ ಜಾಝ್‌ನೋರಿಗೆಲ್ಲ ಬಾಯಿಪಾಠ. ತಮಾಷೆ ಅಂದ್ರೆ ವ್ಯಾರ್ಮ್‌ಲಾಂಡಿಗೂ ಸ್ಟಾಕ್‌ಹೋಮಿಗೂ ಸಂಬಂಧ ಇಲ್ಲ, ಅದು ಪಶ್ಚಿಮಕ್ಕೆ ನಾರ್ವೆ ಗಡೀಲಿರೋ ಕಾಡು ಕೆರೆ ಸೀಮೆ. ಆಗುಂಬೆ ಮೇಲಿನ ಹಾಡನ್ನ ತಗೊಂಡು 'ನಮ್ಮೂರು ಬೆಂಗಳೂರು' ಅಂತ ಹೆಸರಿಟ್ಟ ಹಾಗೆ. ಮೇಷ್ಟ್ರ ತಾಯಿ ವ್ಯಾರ್ಮ್‌ಲಾಂಡಿನೋರು, ಮೇಷ್ಟ್ರಿಗೆ ಇವತ್ತಿಗೂ ಆ ಹೆಸರು ಕೇಳಿದ್ರೆ ಉರಿಯತ್ತೆ. "ಟ್ಯೂನ್ ತಗೊಂಡು ಊರು ಬಿಟ್ಟು ಹೋದ್ರು" ಅಂತಾರೆ. ನಮ್ಮದು ಹಂಗಾಗಬಾರದು, ಊರು ಹಾಡಲ್ಲೇ ಇರಬೇಕು ಅನ್ನೋದು ಅವರ ಒಂದೇ ಷರತ್ತು.

ಉಲ್ಟಾ ಕೂಡ ಆಗಿದೆ. ಮೋನಿಕಾ ಸೆಟ್ಟರ್‌ಲುಂಡ್ ಅಂತ, ಅದೇ ವ್ಯಾರ್ಮ್‌ಲಾಂಡಿನ ಹಾಗ್‌ಫೋರ್ಸಿನ ಹುಡುಗಿ, ಅವಳಿಗೋಸ್ಕರ ಬೆಪ್ಪೆ ವೋಲ್ಗೆರ್ಸ್ ಅನ್ನೋರು ಅಮೆರಿಕದ ಹಾಡುಗಳಿಗೆ ಸ್ವೀಡಿಷ್ ಮಾತು ಬರೆದು ಆ ಹಾಡುಗಳನ್ನ ಸ್ಟಾಕ್‌ಹೋಮ್ ಬೀದೀಲಿ ನಡೆಸಿಬಿಟ್ರು. 1964ರಲ್ಲಿ ಅವಳು ಅಮೆರಿಕದ ಪಿಯಾನೋ ವಾದಕ ಬಿಲ್ ಎವನ್ಸ್ ಅವರ ಟ್ರಿಯೋ, ಅಂದ್ರೆ ಮೂರು ಜನರ ತಂಡದ ಜೊತೆ ಮಾಡಿದ ರೆಕಾರ್ಡಲ್ಲಿ ಇಂಗ್ಲಿಷೂ ಇದೆ ಸ್ವೀಡಿಷೂ ಇದೆ, ಇಲ್ಲಿಯ ಹಳೇ ಜಾನಪದ ಹಾಡೂ ಇದೆ. ಅದೇ ವರ್ಷ ಯಾನ್ ಯೋಹಾನ್ಸನ್ ಬರೀ ಪಿಯಾನೋ, ಜೊತೆಗೆ ಗೆಯೋರ್ಗ್ ರೀಡೆಲ್ ಬೇಸ್, ಇಷ್ಟೇ ಇಟ್ಕೊಂಡು ಜಾನಪದ ಹಾಡು ನುಡಿಸಿ ಒಂದು ರೆಕಾರ್ಡ್ ತಂದ್ರು, ಇವತ್ತಿಗೂ ಸ್ವೀಡನ್ನಲ್ಲಿ ಅತಿ ಹೆಚ್ಚು ಮಾರಾಟ ಆದ ಜಾಝ್ ರೆಕಾರ್ಡ್ ಅದೇ. ಪಿಪ್ಪಿ ಅಂತ ಮಕ್ಕಳ ಕಥೆಯ ಹುಡುಗಿ ಇದ್ದಾಳಲ್ಲ, ಅವಳ ಹಾಡಿನ ಟ್ಯೂನ್ ಕೂಡ ಅವರದ್ದೇ. 37ಕ್ಕೇ ಕಾರ್ ಆಕ್ಸಿಡೆಂಟಲ್ಲಿ ಹೋದ್ರು. ನಂಗೆ ಇವೆಲ್ಲಕ್ಕಿಂತ ಜಾಸ್ತಿ ಪಾಠ ಆಗಿದ್ದು ಮಾತ್ರ ನಾರ್ವೆಯ ರಾಡ್ಕಾ ಟೋನೆಫ್. 1982ರಲ್ಲಿ ಅವಳೂ ಪಿಯಾನೋದ ಸ್ಟೀವ್ ಡೊಬ್ರೊಗೋಸೂ ಇಬ್ರೇ ಮಾಡಿದ 'ಫೇರಿಟೇಲ್ಸ್' ಇದೆ, ಇಂಗ್ಲಿಷ್ ಹಾಡು, ಓಸ್ಲೋದ ಹುಡುಗಿ. ಒಂದು ಸಲ ಹೆಡ್‌ಫೋನ್ ಹಾಕ್ಕೊಂಡು ಟ್ರಾಮಲ್ಲಿ ಕೇಳ್ತಾ ಇದ್ದೆ, ಎರಡು ಸ್ಟಾಪ್ ಮುಂದೆ ಹೋಗಿಬಿಟ್ಟಿದ್ದೆ. ಅವಳು ಎಲ್ಲಿ ಹಾಡ್ತಾಳೆ ಅನ್ನೋದಕ್ಕಿಂತ ಎಲ್ಲಿ ಹಾಡಲ್ಲ ಅನ್ನೋದನ್ನ ಗಮನಿಸಿ ಅಂತ ಮೇಷ್ಟ್ರು ಹೇಳಿದ್ರು, ಆಗ ಅರ್ಥ ಆಗಿರ್ಲಿಲ್ಲ.

ಹಾಡು ಆರಿಸೋದರಲ್ಲಿ ಒಂದು ಲೆಕ್ಕಾಚಾರ ಇದೆ, ಇದನ್ನ ಯಾರೂ ಮೊದಲು ಹೇಳಲ್ಲ. ಬರೆದೋರು ಸತ್ತು 70 ವರ್ಷ ಆಗೋವರೆಗೂ ಇಲ್ಲಿ ಕಾಪಿರೈಟ್ ಇರತ್ತೆ, ಅನುವಾದ ಮಾಡೋಕೂ ಅವರ ಕಡೆಯೋರ ಒಪ್ಪಿಗೆ ಬೇಕು. ಎವೆರ್ಟ್ ತೌಬೆ ಅಂತ ಇಲ್ಲಿಯ ಮನೆಮನೆ ಹಾಡುಗಾರ, ಅವರು ಹೋಗಿದ್ದು 1976, ಅಂದ್ರೆ 2046ರ ಕೊನೇವರೆಗೂ ಕಾಯಬೇಕು, ಆಗ ನಂಗೆ ಹಲ್ಲಿರತ್ತೋ ಇಲ್ವೋ. ಬೇರೆ ಒಬ್ಬರ ಹಾಡಿಗೆ ನಾನು ಹುಮ್ಮಸ್ಸಲ್ಲಿ ಪೂರ್ತಿ ಇಂಗ್ಲಿಷ್ ಬರೆದು, ಕಲಿತು, ಆಮೇಲೆ ಪಬ್ಲಿಷರಿಗೆ ಮೇಲ್ ಹಾಕಿದೆ, ಐದು ತಿಂಗಳು ಉತ್ತರ ಇಲ್ಲ, ಕೊನೆಗೆ ಎರಡು ಸಾಲಲ್ಲಿ ಆಗಲ್ಲ ಅಂತ ಬಂತು. ಆ ಕಾಗದ ಇನ್ನೂ ಫೈಲಲ್ಲಿದೆ. ಅದರ ಮೇಲೆ ನಾವು ಜಾನಪದ ಮತ್ತೆ 1700-1800ರ ಕಾಲದ್ದಕ್ಕೆ ಬಂದ್ವಿ. ಅಲ್ಲೂ ಒಂದು ಮುಳ್ಳಿದೆ. ಟ್ಯೂನ್ ಜಾನಪದ ಆಗಿದ್ರೂ ಅದನ್ನ ಕಾಯರಿಗೆ ಅಳವಡಿಸಿದೋರ ಕೆಲಸಕ್ಕೆ ಕಾಪಿರೈಟ್ ಇರಬಹುದು. 'ಉತೀ ವೋರ್ ಹಾಗೆ' ಅನ್ನೋ ಗೊಟ್‌ಲಾಂಡ್ ದ್ವೀಪದ ಹಾಡನ್ನ ಎಲ್ಲರೂ ಕೇಳಿರೋದು ಹ್ಯೂಗೋ ಆಲ್ಫ್‌ವೇನ್ ಮಾಡಿದ ಕಾಯರ್ ರೂಪದಲ್ಲಿ, ಅವರು ತೀರಿದ್ದು 1960. ಹಂಗಾಗಿ ನಮ್ಮ ಕಾರ್ಡ್ಸ್ (ಒಟ್ಟಿಗೆ ಬಾರಿಸೋ ಸ್ವರಗಳ ಗುಂಪು) ಅವರ ಕಾರ್ಡ್ಸಿನ ಕಡೆ ತಲೆ ಹಾಕಿಯೂ ಮಲಗಬಾರದು, ಮೇಷ್ಟ್ರು ಬೇಕಂತಲೇ ಆರು ತಿಂಗಳು ಆ ಹಾಡು ಕೇಳೋದೇ ಬಿಟ್ಟಿದ್ರು.

ಈಗ ಮುಖ್ಯದ್ದಕ್ಕೆ ಬರ್ತೀನಿ. 'ವೆಮ್ ಕಾನ್ ಸೇಗ್ಲಾ' ಅಂತ ಹಾಡು, ಬಾಲ್ಟಿಕ್ ಸಮುದ್ರದ ಓಲಂಡ್ ದ್ವೀಪಗಳ ಕಡೇದು ಅಂತಾರೆ, ಆ ದ್ವೀಪಗಳು ಸೇರಿರೋದು ಫಿನ್ಲೆಂಡಿಗೆ, ಜನ ಆಡೋದು ಸ್ವೀಡಿಷ್. ಎರಡೇ ಚರಣ. ಗಾಳಿ ಇಲ್ದೆ ಯಾರು ಹಾಯಿ ದೋಣಿ ನಡೆಸಬಲ್ಲರು, ಹುಟ್ಟಿಲ್ದೆ ಯಾರು ದೋಣಿ ಸಾಗಿಸಬಲ್ಲರು, ಕಣ್ಣೀರು ಹಾಕದೆ ಯಾರು ಗೆಳೆಯನ್ನ ಬಿಟ್ಟು ಹೋಗಬಲ್ಲರು. ಎರಡನೇದರಲ್ಲಿ, ನಾನು ಗಾಳಿ ಇಲ್ದೇನೂ ಹೋಗಬಲ್ಲೆ, ಹುಟ್ಟಿಲ್ದೇನೂ ಹೋಗಬಲ್ಲೆ, ಕಣ್ಣೀರಿಲ್ದೆ ಗೆಳೆಯನ್ನ ಬಿಟ್ಟು ಮಾತ್ರ ಹೋಗಲಾರೆ. ಮುಗೀತು. ಅರ್ಧ ಗಂಟೇಲಿ ಅನುವಾದ ಆಗತ್ತೆ ಅಂದ್ಕೊಂಡೆ, ನಾಲ್ಕು ತಿಂಗಳು ಹಿಡೀತು.

ತೊಂದ್ರೆ ಏನು ಅಂದ್ರೆ, ಎರಡನೇ ಸಾಲು ಮುಗಿಯೋದು 'ಓರೋರ್' ಅಂತ, ಅಂದ್ರೆ ಹುಟ್ಟುಗಳು, ನಾಲ್ಕನೇದು ಮುಗಿಯೋದು 'ಟೋರಾರ್' ಅಂತ, ಕಣ್ಣೀರು. ಎರಡರಲ್ಲೂ ಆ ಉದ್ದ 'ಓ' ಇದೆ. ಬಾಯಿ ದುಂಡಗೆ ತೆರೆಯತ್ತೆ, ದನಿ ತಾನಾಗೇ ಹೊರಗೆ ಬರತ್ತೆ. ಇಂಗ್ಲಿಷಲ್ಲಿ ಕಣ್ಣೀರು ಅಂದ್ರೆ 'ಟಿಯರ್ಸ್', ಬಾಯಿ ಎರಡೂ ಕಡೆಗೆ ಎಳ್ಕೊಂಡು ಹಲ್ಲು ಕಾಣೋ ಹಾಗೆ ಹಾಡಬೇಕು, ಅದೂ ಹಾಡಿನ ಕೊನೇ ಸ್ವರದಲ್ಲಿ, ಷಡ್ಜದಲ್ಲಿ ನಿಂತು! ರೆಕಾರ್ಡ್ ಮಾಡಿ ಕೇಳಿದ್ರೆ ಯಾರೋ ನಿಂಬೆಹಣ್ಣು ಕಚ್ಚಿದ ಹಾಗಿತ್ತು. ನಾನು 'ಫ್ರೆಂಡ್ ಸೋ ಡಿಯರ್, ಶೆಡ್ ಎ ಟಿಯರ್' ಥರದ್ದೆಲ್ಲ ಬರೆದೆ, ಗ್ರೀಟಿಂಗ್ ಕಾರ್ಡ್ ಸಾಹಿತ್ಯ, ಮೇಷ್ಟ್ರು ಓದಿ ಏನೂ ಅನ್ನದೆ ಕಿಟಕಿ ನೋಡಿದ್ರು. ಅದಕ್ಕಿಂತ ಬೈದಿದ್ರೆ ವಾಸಿ ಇತ್ತು.

ನವೆಂಬರ್ ಕೊನೆ, ಇಲ್ಲಿ ಆಗ ನಾಲ್ಕು ಗಂಟೆಗೆ ಮುಂಚೇನೇ ಸೂರ್ಯ ಮುಳುಗಿರತ್ತೆ. ಆಫೀಸಿಂದ ಬರ್ತಾ ನದಿ ದಾಟೋ ಫೆರ್ರಿಯಲ್ಲಿ ನಿಂತಿದ್ದೆ. ದಡದಲ್ಲಿ ಒಬ್ಬ ಹುಡುಗ ಕೈ ಬೀಸ್ತಿದ್ದ, ನನ್ನ ಪಕ್ಕದಲ್ಲಿ ನಿಂತಿದ್ದ ಹುಡುಗಿಗೆ. ಇವಳು ಫೋನ್ ನೋಡ್ತಿದ್ಲು, ಅವನು ಬೀಸ್ತಾನೇ ಇದ್ದ. ಆಗ ಹೊಳೀತು, ಅಲ್ಲಪ್ಪಾ, ಇದು ದ್ವೀಪದೋರ ಹಾಡು, ಅಲ್ಲಿ ಯಾರಾದ್ರೂ ಯಾರನ್ನಾದ್ರೂ ಬಿಟ್ಟು ಹೋಗೋದು ಅಂದ್ರೆ ದೋಣೀಲೇ, ಉಳಿದೋರು ನಿಲ್ಲೋದು ದಡದಲ್ಲೇ. ಹಾಡಲ್ಲಿ ದಡ ಅನ್ನೋ ಪದಾನೇ ಇಲ್ಲ, ಆದ್ರೆ ದಡ ಇದೆ. ಇಂಗ್ಲಿಷಲ್ಲಿ ಹುಟ್ಟಿಗೆ 'ಓರ್', ದಡಕ್ಕೆ 'ಶೋರ್'. ಅದೇ 'ಓ'! ಅದೇ ಜಾಗದಲ್ಲಿ! ಫೆರ್ರಿಯಲ್ಲೇ ಟೈಪ್ ಮಾಡಿದೆ: 'ಹೂ ಕ್ಯಾನ್ ಸೇಲ್ ವಿದೌಟ್ ದ ವಿಂಡ್, ಹೂ ಕ್ಯಾನ್ ರೋ ವಿದೌಟ್ ಆ್ಯನ್ ಓರ್, ಹೂ ಕ್ಯಾನ್ ಟರ್ನ್ ವಿತ್ ಐಸ್ ಸ್ಟಿಲ್ ಡ್ರೈ, ಆ್ಯಂಡ್ ಲೀವ್ ಎ ಫ್ರೆಂಡ್ ಆನ್ ಶೋರ್.' ಕಣ್ಣೀರು ಮೂರನೇ ಸಾಲಿಗೆ ಹೋಯ್ತು, ಅದೂ ಇಲ್ಲದ ಕಣ್ಣೀರಾಗಿ. ಮೇಷ್ಟ್ರಿಗೆ ಕಳಿಸಿದೆ. ಉತ್ತರ ಬಂದಿದ್ದು ಒಂದು ದೋಣಿ ಇಮೋಜಿ, ಅಷ್ಟೆ.

ಆಮೇಲೊಂದಿನ ಇದನ್ನ ಯೋಚ್ನೆ ಮಾಡ್ತಾ ನಂಗೆ ಬಿಎಂಶ್ರೀ ನೆನಪಾದ್ರು. ಶಾಲೇಲಿ 'ಕರುಣಾಳು ಬಾ ಬೆಳಕೆ' ದಿನಾ ಹೇಳ್ತಿದ್ವಿ, ಅದು ಇಂಗ್ಲಿಷಿಂದ ಬಂದಿದ್ದು ಅಂತ ಹೈಸ್ಕೂಲಿಗೆ ಹೋಗೋವರೆಗೂ ಗೊತ್ತಿರ್ಲಿಲ್ಲ, ಗೊತ್ತಾದಾಗ ಯಾಕೋ ಮೋಸ ಹೋದ ಹಾಗೆ ಅನ್ಸಿತ್ತು. ಮೂಲ ಬರೆದ ನ್ಯೂಮನ್‌ನ ಇಂಗ್ಲಿಷಲ್ಲಿ ಇರೋದು ನನ್ನ ಮುಂದೆ ನಡೆಸು ಅಂತ ಅಷ್ಟೇ. 'ಕೈ ಹಿಡಿದು ನಡೆಸೆನ್ನನು' ಅಂತ ಮಾಡಿದ್ದು ಬಿಎಂಶ್ರೀ. ಆ ಕೈ ಇಂಗ್ಲಿಷಲ್ಲಿಲ್ಲ, 'ಬಾ' ಅನ್ನೋದೂ ಇಲ್ಲ. ಆದ್ರೆ ಕತ್ತಲಲ್ಲಿ ನಮ್ಮೋರು ಯಾರನ್ನಾದ್ರೂ ಕರ್ಕೊಂಡು ಹೋಗೋದು ಕೈ ಹಿಡಿದೇ ಅಲ್ವಾ. ಮೇಷ್ಟ್ರಿಗೆ ಇದನ್ನ ಹಾಡಿ ತೋರಿಸಿದೆ. ಆ ಪ್ರಾರ್ಥನೆ ಅವರಿಗೆ ಸ್ವೀಡಿಷಲ್ಲಿ ಗೊತ್ತಿತ್ತು, ಚರ್ಚಲ್ಲಿ ಹಾಡ್ತಾರಂತೆ, ಆದ್ರೆ ನಮ್ಮ ಧಾಟಿ ಬೇರೆ, ಗುರುತೇ ಸಿಗಲಿಲ್ಲ, ಅರ್ಥ ಹೇಳಿದ ಮೇಲೆ ಇನ್ನೊಂದು ಸಲ ಹಾಡಿಸಿದ್ರು.

ಎಲ್ಲ ಪದಕ್ಕೂ ಹಂಗೆ ಅದೃಷ್ಟ ಇರಲ್ಲ. 'ಉತೀ ವೋರ್ ಹಾಗೆ'ಯಲ್ಲಿ 'ಹಾಗೆ' ಅಂದ್ರೆ ಬೇಲಿ ಒಳಗಿನ, ಅಲ್ಲಲ್ಲಿ ಮರ ಇರೋ, ದನ ಮೇಯೋ ಜಾಗ. ಇಂಗ್ಲಿಷ್ 'ಮೆಡೋ' ಅಂದ್ರೆ ಜಾಹೀರಾತಿನ ಹುಲ್ಲುಗಾವಲು ಕಣ್ಣಿಗೆ ಬರತ್ತೆ. ಸಾಗರದ ಕಡೆ ನಾವು ಹಕ್ಕಲು ಅಂತೀವಲ್ಲ, ನಂಗೆ ಹತ್ತಿರ ಅನ್ಸಿದ್ದು ಅದೇ, ಆದ್ರೆ ಇಂಗ್ಲಿಷಲ್ಲಿ ಹಾಡ್ತಾ ಹಕ್ಕಲು ಅನ್ನೋಕಾಗತ್ತಾ. ಆ ಹಾಡಲ್ಲಿ ಸಾಲಾಗಿ ಗಿಡಗಳ ಹೆಸರು ಬರತ್ತೆ, ಲಿಲ್ಲಿ, ಗುಲಾಬಿ, ಪುದೀನ ಜಾತೀದು, ಕೊನೆಗೆ 'ಯೆರ್ಟಾನ್ಸ್‌ಫ್ರೆಯ್ಡ್'. ಬಿಡಿಸಿದ್ರೆ 'ಹೃದಯದ ಖುಷಿ', ಗಿಡ ಮಾತ್ರ ನಿಂಬೆ ವಾಸನೆಯ ಒಂದು ಸೊಪ್ಪು. ಇಂಗ್ಲಿಷಲ್ಲಿ ಅದಕ್ಕೆ 'ಲೆಮನ್ ಬಾಮ್', ಹಾಡಲ್ಲಿ ಹಾಕಿದ್ರೆ ತಲೆನೋವಿಗೆ ಹಚ್ಚೋದು ಅನ್ಸತ್ತೆ. ನಾವು ಗಿಡ ಬಿಟ್ಟು 'ಹಾರ್ಟ್ಸ್ ಡಿಲೈಟ್' ಇಟ್ವಿ. ಗಿಡಶಾಸ್ತ್ರ ಗೊತ್ತಿರೋ ಒಬ್ಬರು ಬಂದು ಆಕ್ಷೇಪಣೆ ಮಾಡಿದ್ರು, ಮಾಡ್ಲಿ. ನನ್ನ ರೂಲ್ ಏನಂದ್ರೆ ಮೊದಲು ಉದ್ದ ಸ್ವರದ ಕೆಳಗೆ ಯಾವ ಅಕ್ಷರ ಬೀಳತ್ತೆ ನೋಡ್ಕೊಳ್ಳೋದು, ಆಮೇಲೆ ಅಲ್ಲಿಂದ ಹಿಂದಕ್ಕೆ ಬರೀತಾ ಬರೋದು. ಅರ್ಥದಿಂದ ಶುರು ಮಾಡಿದ್ರೆ ಪ್ರತಿ ಸಲಾನೂ ಸಾಲಿನ ತುದೀಲಿ ಕಾಲು ಮುರ್ಕೊಂಡಿದೀನಿ.

ಹಾಡೋ ವಿಷ್ಯಕ್ಕೆ ಬಂದ್ರೆ ನನ್ನ ದೊಡ್ಡ ಕಾಯಿಲೆ ಗಮಕ, ಅಂದ್ರೆ ಸ್ವರಾನ ಅಲ್ಲಾಡಿಸಿ ಜಾರಿಸಿ ಹಾಡೋದು. ಮೇಷ್ಟ್ರು ಒಂದಿನ ಫೋನಲ್ಲಿ ರೆಕಾರ್ಡ್ ಮಾಡಿ ಕೇಳಿಸಿದ್ರು, "ನೀನು ಒಂದು ಸ್ವರಕ್ಕೂ ನೇರ ಬರಲ್ಲ, ಪ್ರತಿ ಮನೆಗೂ ಹಿತ್ತಲಿಂದ ಬರ್ತೀಯ." ನಿಜ. ನಮ್ಮಲ್ಲಿ ಅದೇ ಚಂದ. ಆದ್ರೆ ಪಿಯಾನೋದಲ್ಲಿ ಸ್ವರ ಕೂತಲ್ಲಿ ಕೂತಿರತ್ತೆ, ನಾನು ಗಾಂಧಾರ ಅಲ್ಲಾಡಿಸಿದ ತಕ್ಷಣ ಅವರ ಕಾರ್ಡಿಗೆ ಹೊಟ್ಟೆನೋವು. ಈ ಹಾಡುಗಳು ಬಹಳಷ್ಟು ಮೈನರ್, ನಮ್ಮ ಲೆಕ್ಕದಲ್ಲಿ ನಟಭೈರವಿ ರಾಗ, ಅವರು ಡಾಮಿನೆಂಟ್ ಸೆವೆಂತ್ ಅನ್ನೋ ಕಾರ್ಡ್ ಬಾರಿಸೋ ಕಡೆ ಕಾಕಲಿ, ಅಂದ್ರೆ ಮೇಲಿನ ನಿಷಾದ ಬಂದು ಕೀರವಾಣಿ ರಾಗ ಆಗಿಬಿಡತ್ತೆ, ನನ್ನ ಗಂಟಲು ಕೆಳಗಿನ ಕೈಶಿಕೀಲೇ ಹಠ ಹಿಡಿಯತ್ತೆ. ನಾವು ಅಭ್ಯಾಸಕ್ಕೆ ಕೂರೋ ಎಷ್ಟೋ ಗುರುವಾರ ಈ ಅರ್ಧ ಸ್ವರದ ಜಗಳದಲ್ಲೇ ಹೋಗಿದೆ. ಕೊನೆಗೆ ಸಿಕ್ಕ ದಾರಿ ತಂಬೂರಿ. ನಾನು ಫೋನಲ್ಲಿ ತಂಬೂರಿ ಆ್ಯಪ್ ಹಾಕಿದೆ, ಅವರು ಕಣ್ಣರಳಿಸಿ "ಇದು ನಿಕೆಲ್‌ಹಾರ್ಪಾ ಥರ!" ಅಂದ್ರು. ಅದು ಇಲ್ಲಿಯ ಹಳೇ ತಂತಿವಾದ್ಯ, ಕಮಾನಲ್ಲಿ ನುಡಿಸೋದು, ಅದರಲ್ಲೂ ಹಿಂದೆ ಮೊಳಗೋ ತಂತಿಗಳಿವೆ. ಈಗ ಅವರು ಎಡಗೈಯಲ್ಲಿ ಷಡ್ಜ ಪಂಚಮ ಮಾತ್ರ ಹಿಡಿದು ಕೂರ್ತಾರೆ, ಮಧ್ಯದ ಗಾಂಧಾರ ಖಾಲಿ, ಅದು ನನ್ನ ಜಾಗ.

ಅವರ ಕೈಚಳಕ ಒಂದು ಹೇಳ್ಲೇಬೇಕು. ನಾನು ಪಂಚಮದಲ್ಲಿ ಉದ್ದಕ್ಕೆ ನಿಂತಿರ್ತೀನಿ, ಜಿ ನನ್ನ ಷಡ್ಜ ಅಂದ್ಮೇಲೆ ಅದು ಡಿ. ಅವರು ಕೆಳಗೆ ಮೊದಲು ಜಿ ಮೈನರ್ ಹಿಡಿದ್ರೆ ಅದು ಐದನೇ ಸ್ವರ, ಆಮೇಲೆ ಬಿ ಫ್ಲಾಟ್ ಹಿಡೀತಾರೆ, ಅದೇ ಡಿ ಮೂರನೇದಾಗತ್ತೆ, ಆಮೇಲೆ ಇ ಫ್ಲಾಟ್ ಮೇಜರ್ ಸೆವೆನ್, ಈಗ ಅದು ಏಳನೇದು, ಮೈಯೆಲ್ಲ ಜುಂ ಅನ್ನತ್ತೆ. ನಾನು ನಿಂತಲ್ಲೇ ನಿಂತಿದೀನಿ, ನೆಲ ಜರುಗ್ತಾ ಇದೆ. ಮೊದಲ ಸಲ ಹೆದರಿ ಸ್ವರ ಬಿಟ್ಟುಬಿಟ್ಟಿದ್ದೆ. ಕರ್ನಾಟಕ ಸಂಗೀತದಲ್ಲಿ ನಾವು ಅಲ್ಲಾಡ್ತೀವಿ, ಷಡ್ಜ ಅಲ್ಲಾಡಲ್ಲ, ಇಲ್ಲಿ ಪೂರ್ತಿ ಉಲ್ಟಾ. ಗಮಕಕ್ಕೆ ಅವರು ಒಂದೇ ಒಂದು ಕಡೆ ಪರ್ಮಿಷನ್ ಕೊಟ್ಟಿದ್ದಾರೆ, 'ಓರ್' ಮತ್ತೆ 'ಶೋರ್'. ಸ್ವೀಡಿಷಲ್ಲಿ 'ಓರೋರ್' ಎರಡು ಅಕ್ಷರ, ಎರಡು ಸ್ವರ, ಇಂಗ್ಲಿಷಲ್ಲಿ ಒಂದೇ ಅಕ್ಷರ, ಹಂಗಾಗಿ ಮೇಲಿಂದ ಕೆಳಗೆ ಒಂದು ಜಾರು ಹಾಕ್ಲೇಬೇಕು. ಅಲ್ಲಿ ಮಾತ್ರ ನಾನು ಹಿತ್ತಲಿಂದ ಬರಬಹುದು.

ತಾಳ ಹಿಡಿಯೋರು ಯಾರು ಅಂತ ಕೇಳ್ತಾರೆ. ಯಾರೂ ಇಲ್ಲ. ನಾನು ತೊಡೆ ಮೇಲೆ ಬೆರಳೆಣಿಸ್ತಿದ್ದೆ, ಮೇಷ್ಟ್ರು ಅದನ್ನ ನಿಲ್ಲಿಸಿದ್ರು, ನನ್ನ ಉಸಿರು ನೋಡ್ಕೊಂಡು ಅವರು ನುಡಿಸ್ತಾರೆ. ಭುಜ ಏರಿದ್ರೆ ಮುಂದಿನ ಸಾಲು. ನೆಗಡಿ ಆದ ದಿನ ಉಸಿರು ಎಲ್ಲೆಲ್ಲೋ ತಗೊಂಡು ಇಡೀ ಹಾಡು ಕುಂಟಿತ್ತು.

ಹೋದ ವರ್ಷ ಅಕ್ಟೋಬರಲ್ಲಿ ಒಂದು ಚರ್ಚಿನ ಹಾಲಲ್ಲಿ ಪ್ರೋಗ್ರಾಮ್, ನಲವತ್ತು ಜನ ಇದ್ದಿರಬಹುದು, ಜಾಸ್ತಿ ವಯಸ್ಸಾದೋರೇ, ಸಂಭಾವನೆ ಅಂದ್ರೆ ಕಾಫಿ, ದಾಲ್ಚಿನ್ನಿ ಬನ್, ಬಸ್ ಚಾರ್ಜು. ಅಲ್ಲಿಯ ಪಿಯಾನೋ ಪೂರ್ತಿಯಾಗಿ ಒಂದು ಚೂರು ಕೆಳಗೆ ಇಳಿದಿತ್ತು, ತಂಬೂರಿ ಆ್ಯಪ್ ಜೊತೆ ಕೂರ್ತಿರ್ಲಿಲ್ಲ, ಅದನ್ನ ಆಫ್ ಮಾಡಿದೆ. 'ವೆಮ್ ಕಾನ್ ಸೇಗ್ಲಾ' ಶುರು. ನಮ್ಮದು ತಾಳ ಇಲ್ದೆ ಎಳೆದೆಳೆದು ಹಾಡೋ ಅರೇಂಜ್‌ಮೆಂಟ್, ಮೊದಲ ಸಾಲಿನ ಕೆಳಗೇ ಆರು ಕಾರ್ಡ್, ಎಷ್ಟು ತಿಂಗಳ ಕೆಲಸ. ನಾನು 'ವಿಂಡ್' ಮೇಲೆ ನಿಂತಿದ್ದೆ. ಎರಡನೇ ಸಾಲಿನ ಕುರ್ಚಿಗಳಿಂದ ಎಡಗಡೆ ಒಂದು ಅಜ್ಜಿ ಮೆಲ್ಲಗೆ ಸ್ವೀಡಿಷಲ್ಲಿ ಸೇರ್ಕೊಂಡ್ರು. ಅವರ ಪಕ್ಕದೋರು. ಆಮೇಲೆ ಇಡೀ ಹಾಲು. ಇಲ್ಲಿ ಜನಕ್ಕೆ ಒಟ್ಟಿಗೆ ಹಾಡೋ ಚಟ ಬಹಳ, ಅದಕ್ಕೆ 'ಆಲ್‌ಸೋಂಗ್' ಅಂತ ಹೆಸರೇ ಇದೆ, ಸ್ಟಾಕ್‌ಹೋಮಿನ ಸ್ಕಾನ್ಸೆನ್ ಅನ್ನೋ ಬಯಲು ಮ್ಯೂಸಿಯಮ್ಮಲ್ಲಿ 1935ರಿಂದ ಇದನ್ನೇ ಬೇಸಿಗೆ ಜಾತ್ರೆ ಥರ ಮಾಡ್ತಾರೆ. ಆದ್ರೆ ಅವರು ಹಾಡ್ತಿರೋದು ಸ್ಕೂಲ್ ಪುಸ್ತಕದ ಸ್ಪೀಡಲ್ಲಿ, ನಾನು ಅದರ ಅರ್ಧ ಸ್ಪೀಡಲ್ಲಿ! ನಾನು ಅವರನ್ನ ಕಾಯ್ಲಾ, ಅವರು ನನ್ನ ಕಾಯ್ತಾರಾ, ಬಾಯಿ ಒಣಗಿಹೋಯ್ತು. ಮೇಷ್ಟ್ರ ಕಡೆ ನೋಡಿದ್ರೆ ಅವರು ಆರು ಕಾರ್ಡೂ ಬಿಟ್ಟು ಎಡಗೈ ತೊಡೆ ಮೇಲಿಟ್ಕೊಂಡು ಬಲಗೈಯಲ್ಲಿ ಬರೀ ಟ್ಯೂನ್ ನುಡಿಸ್ತಿದ್ದಾರೆ, ಮೂರನೇ ಕ್ಲಾಸಿಗೆ ಕಲಿಸ್ತಿದ್ದ ಹಾಗೇನೇ. ನಾನು ಮಾತು ಬಿಟ್ಟು ಗುನುಗಿದೆ, ಅವರ ಸ್ಪೀಡಿಗೆ ಬಂದೆ, ಎರಡನೇ ಚರಣದಲ್ಲಿ ಇಂಗ್ಲಿಷ್ ತಿರುಗಿ ಹಿಡಿದೆ. ಅವರು 'ಓರೋರ್' ಅಂದಾಗ ನಾನು 'ಓರ್' ಅಂದೆ, ಅವರು 'ಟೋರಾರ್' ಅಂದಾಗ ನಾನು 'ಶೋರ್'. ನಲವತ್ತು ಬಾಯಿ ಒಂದೇ 'ಓ' ಮೇಲೆ. ಅಕ್ಷರ ಅಲ್ಲೇ ಬೀಳಲಿ ಅಂತ ನಾಲ್ಕು ತಿಂಗಳು ಒದ್ದಾಡಿದ್ದೆ, ಹಿಂಗೆ ಉಪಯೋಗಕ್ಕೆ ಬರತ್ತೆ ಅಂತ ಕನಸಲ್ಲೂ ಅಂದ್ಕೊಂಡಿರ್ಲಿಲ್ಲ.

ಮುಗಿದ ಮೇಲೆ ಉಚ್ಚಾರಣೆ ಬಗ್ಗೆ ಒಬ್ಬರೂ ಮಾತಾಡಲಿಲ್ಲ. ಆ ಮೊದಲು ಶುರು ಮಾಡಿದ ಅಜ್ಜಿ ಬಂದು "ದಡ ಅಂತ ಯಾವತ್ತೂ ಹೊಳೆದೇ ಇರ್ಲಿಲ್ಲ" ಅಂತ ಅಷ್ಟೇ ಹೇಳಿ ಕೋಟ್ ಹಾಕ್ಕೊಂಡು ಹೋದ್ರು.

ಬಸ್ಸಲ್ಲಿ ಬರ್ತಾ ಮೇಷ್ಟ್ರು ಆ ಆರು ಕಾರ್ಡ್ ಪಟ್ಟಿ ಇದ್ದ ಹಾಳೆ ತೆಗೆದು ನಾಲ್ಕನ್ನ ಹೊಡೆದು ಹಾಕಿದ್ರು. ನಂಗೆ ಬೇಜಾರಾಯ್ತು, ಅದರಲ್ಲಿ ಒಂದು ನಿಜವಾಗ್ಲೂ ಚೆನ್ನಾಗಿತ್ತು. ಈಗ ಮೊದಲ ಚರಣ ನಾನೊಬ್ಬಳೇ, ಪಿಯಾನೋ ಇಲ್ದೆ, ಎಲ್ಲರಿಗೂ ಗೊತ್ತಿರೋ ಸ್ಪೀಡಲ್ಲೇ ಹಾಡ್ತೀನಿ, ಎರಡನೇದರಲ್ಲಿ ಅವರ ಎಡಗೈ ಬರತ್ತೆ, ನೆಲ ಜರುಗೋದೆಲ್ಲ ಮಧ್ಯದ ಸೋಲೋದಲ್ಲಿ, ಕೊನೆಗೆ ಜನ ಸೇರೋದಾದ್ರೆ ಸೇರ್ಲಿ ಅಂತ ಮತ್ತೊಂದು ಸಲ ಬರೀ ಟ್ಯೂನ್. ಸೇರಿಲ್ಲ ಅಂದ್ರೂ ಆ ಜಾಗ ಹಂಗೇ ಖಾಲಿ ಬಿಡ್ತೀವಿ.

ಈಗ ಕೂತಿರೋದು ಐಸ್‌ಲೆಂಡಿನ ಒಂದು ಪದ್ಯದ ಮೇಲೆ, ವಾಟ್ನ್‌ಸೆಂಡಾ ರೋಸಾ ಅಂತ 1800ರ ಕಾಲದ ಹೆಂಗಸು ಬರೆದಿದ್ದು. ನನ್ನ ಕಣ್ಣು ನಿನ್ನ ಕಣ್ಣು, ಆಹಾ ಆ ಚಂದದ ಕಲ್ಲುಗಳು, ನನ್ನದು ನಿನ್ನದು, ನಿನ್ನದು ನನ್ನದು, ನಾನೇನು ಹೇಳ್ತಿದೀನಿ ನಿಂಗೆ ಗೊತ್ತು. ಇಷ್ಟೇ. ಕೊನೇ ಸಾಲು ಇಂಗ್ಲಿಷಲ್ಲಿ 'ಯೂ ನೋ ವಾಟ್ ಐ ಮೀನ್', ಅದೇ 'ಈ', ಅದೇ ನಿಂಬೆಹಣ್ಣು. ಮೂಲದಲ್ಲಿ 'ಮೇಯ್ನಾ' ಅಂತ ತೆರ್ಕೊಂಡು ಮುಗಿಯತ್ತೆ. ಮೇಷ್ಟ್ರು ಆ ಸಾಲು ಹಾಡಲೇಬೇಡ, ನಾನು ನುಡಿಸ್ತೀನಿ ಅಂತಾರೆ. ನಾನು ಇನ್ನೂ ಒಪ್ಪಿಲ್ಲ, ಗುರುವಾರ ಮತ್ತೆ ಕೂರ್ತೀವಿ.